ಸುಂದ್ರಮ್ಮನ ಮಣ್ಣಿಗೆ ಹೋಗಿ ಬಂದೆ

೭ ಏಪ್ರಿಲ್ ೨೦೧೯, ಭಾನುವಾರ
ಕಕ್ಕೇರಾ

ಚರ್ಚಿನಲ್ಲಿ ಆರಾಧನೆ ನಡೆಸಿ, ಸುಂದ್ರಮ್ಮನ ಮಣ್ಣು ಮಾಡಿ ಬಂದೆ. ನಿನ್ನೆ ಮಧ್ಯಾಹ್ನ ಸತ್ಯಮಿತ್ರಪ್ಪನವರ ಹೊಲದಲ್ಲಿ ಕೂಲಿಗೆ ಮೆಣಸಿನಕಾಯಿ ಬಿಡಿಸುತ್ತಿದ್ದವಳು ಬಿಸಿಲಿಗೆ ಕುಸಿದುಬಿದ್ದಳು, ಮತ್ತೆ ಏಳಲಿಲ್ಲ. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತಂತೆ.

ಸತ್ಯಮಿತ್ರಪ್ಪ ನಮ್ಮ ಸಭೆಯ ಹಿರಿಯರು. ಹೋದ ವಾರವೇ ಅವರ ಮನೆಗೆ ಹೋಗಿ, ಮಧ್ಯಾಹ್ನ ಕೆಲಸ ನಿಲ್ಲಿಸಿ, ಹೊಲದಲ್ಲೊಂದು ನೆರಳು ಹಾಕಿಸಿ ಎಂದು ಬೇಡಿಕೊಂಡಿದ್ದೆ.

"ಬಿಸ್ಲು ನಾ ಮಾಡೀನೇನ್ರಿ ಅಯ್ಯನೋರ? ದೇವ್ರು ಮಾಡ್ಯಾನ. ನೀವು ಪ್ರಾರ್ಥನಾ ಮಾಡ್ರಿ, ಹೊಲ ನಾ ನೋಡ್ಕೋತೀನಿ," ಅಂದರು.

ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿರುವುದು ಮನುಷ್ಯರ ದುರಾಸೆಯಿಂದ, ಸುಡುವುದು ಮಾತ್ರ ಬಡವರನ್ನು, ಇದಕ್ಕೆ ನಾವು ದೇವರಿಗೆ ಲೆಕ್ಕ ಕೊಡಬೇಕು ಎಂದು ನಾನು ಬೋಧಿಸಿದ ದಿನ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವರೂ ಅವರೇ. ಇವತ್ತು ಪೆಟ್ಟಿಗೆಗೆ ಹೆಗಲು ಕೊಟ್ಟರು. ಅತ್ತರು. ಆ ಅಳು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಬೈಯುವುದಾದರೂ ಸುಲಭವಾಗುತ್ತಿತ್ತು. ಅಳುವವರಿಗೆ ಇನ್ನೇನು ಬೋಧಿಸಲಿ?

ಹಿಡಿ ಮಣ್ಣು ಹಾಕಿ ಹೊರಟಾಗ ಸುಂದ್ರಮ್ಮನ ಮಗಳು ದೀನಮ್ಮ ಎದುರಿಗೆ ಬಂದು ನಿಂತಳು.

"ಅಯ್ಯನೋರ, ಅವ್ವನ ಬದ್ಲಿ ನಾಳಿಂದ ನನಗ ಬಾ ಅಂದಾರ್ರಿ ಸತ್ಯಮಿತ್ರಪ್ಪನೋರು. ಹೋಗ್ಲೇನ್ರಿ?"

ಬೇಡ ಎನ್ನಬೇಕೆಂದರೆ ಅವಳಿಗೆ ಕೊಡಲು ನನ್ನಲ್ಲಿ ಬೇರೆ ಕೆಲಸವಿಲ್ಲ. ಸಭೆಯಲ್ಲೂ ಇಲ್ಲ. ಎಲ್ಲರ ಹೊಲದಲ್ಲೂ ಅದೇ ಬಿಸಿಲು.

"ತಲಿಗಿ ಹಸಿ ಅರಿವಿ ಕಟ್ಕೊಂಡು ಹೋಗವ್ವ," ಅಂದೆ.

"ಆತ್ರಿ," ಅಂದು ಹೋದಳು.

ಇಷ್ಟು ವರ್ಷ ಕ್ರಿಸ್ತನ ನ್ಯಾಯದ ಬಗ್ಗೆ ಮಾತಾಡಿದ ಬಾಯಿಂದ ಕೊನೆಗೆ ಬಂದದ್ದು ಅಷ್ಟೇ, ಒಂದು ಹಸಿ ಬಟ್ಟೆಯ ಮಾತು.