ಗೋಡೆ ಪಕ್ಕ ನಿಂತು ಕೇಳಿದ ಪ್ರಾರ್ಥನೆ

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 6

ಟೀ ಆಯ್ತು. ಪಿಕಪ್ಪಿಗೆ ನೀರು ಹಾಕಿ ಬಂದೆ. ನಮ್ಮ ಬೇಗೂರಿನಿಂದ ಕೇರಳದ ಬತ್ತೇರಿವರೆಗೆ ನನ್ನಂಥ ಡ್ರೈವರ್ ಹುಟ್ಟಿಲ್ಲ. ಮೊನ್ನೆ ಬತ್ತೇರಿ ದಾರಿಯ ಮದ್ದೂರು ಕಾಡಲ್ಲಿ ಒಂಟಿ ಸಲಗ ಅಡ್ಡ ನಿಂತಿತ್ತು. ಇಳಿದು ಎದುರಿಗೇ ಹೋದೆ. "ಮರಿಯಯ್ಯ ಬಂದವ್ನೆ, ದಾರಿ ಬುಡ್ಲಾ" ಅಂದೆ. ತಲೆ ಬಗ್ಗಿಸಿಕೊಂಡು ಹೋಯ್ತು. ಹಿಂದಿದ್ದ ಕೇರಳದ ಲಾರಿಯವರೆಲ್ಲ ಚಪ್ಪಾಳೆ.

ಆನೇನೇ ಬಗ್ಗಿಸಿದವನಿಗೆ ಹೆಂಡತಿ ಯಾವ ಲೆಕ್ಕ... ಪುಟ್ಟಮಾದಮ್ಮ ಬಾಯಿ ಮುಚ್ಚಿ ಇವತ್ತಿಗೆ ಒಂಬತ್ತು ದಿನ. ಇಪ್ಪತ್ತೊಂದು ವರ್ಷದ ಗೊಣಗಾಟ — ಬೀಡಿ, ಬಚ್ಚಲ ಚಿಲಕ, ಭವ್ಯನ ಫೀಸು — ಎಲ್ಲ ಬಂದ್. ನನ್ನ ಒಂದು ನೋಟಕ್ಕೆ ಹೆದರಿದಳು.

ಪಾಸ್ಟರಮ್ಮ ಏನೋ ಹೇಳಿಕೊಟ್ಟಳಂತೆ. ಗಂಡನ ಹತ್ರ ಹತ್ತು ಸಲ ಹೇಳೋದನ್ನ ಕರ್ತನ ಹತ್ರ ಒಂದು ಸಲ ಹೇಳಮ್ಮ ಅಂತ. ಅದೆಲ್ಲ ಇರಲಿ. ನನ್ನ ನೋಟವೇ.

ಆಗಸ್ಟ್ 6, ಬುಧವಾರ

ಐದಕ್ಕೇ ಎಚ್ಚರ. ಅಡಿಗೆಮನೇಲಿ ಪಿಸುಪಿಸು. ಗೋಡೆ ಪಕ್ಕ ನಿಂತೆ. ಗೋಣಿಚೀಲದ ಮೇಲೆ ಮೊಣಕಾಲೂರಿ ಕೂತವ್ಳೆ.

"ತಂದೆಯೇ, ಬಚ್ಚಲಿಗೊಂದು ಚಿಲಕ ಹಾಕ್ಸು. ಹೆಣ್ಮಗ ಬೆಳ್ದವ್ಳೆ. ನೀರುಯ್ಕಬೇಕಾದ್ರೆ ಬಾಗ್ಲಿಗೆ ಕಲ್ಲು ಒತ್ತರಿಸ್ಕತಾಳೆ. ಇವ್ರಿಗೆ ನಾನು ಯೋಳಲ್ಲ, ನೀನೇ ಯೋಳು."

ಹೆಣ್ಮಗ ಅಂದ್ರೆ ಭವ್ಯ. ನಮ್ಮಣ್ಣ ನಾಗಯ್ಯನ ಮಗಳು. ಅಣ್ಣ ಕೊಡಗಿನ ಎಸ್ಟೇಟಿನಲ್ಲಿ ಮರದಿಂದ ಬಿದ್ದು ತೀರ್ಕೊಂಡ. ಅತ್ತಿಗೆ ಅದಕ್ಕೂ ಮುಂಚೆ. ಪರಿಹಾರದ ದುಡ್ಡು ನನ್ನ ಖಾತೇಲಿದೆ, ಮಗಳ ನರ್ಸಿಂಗ್ ಓದಿಗೆ ಅಂತ. ಮನೆಗೆ ಹಿರಿಯ ನಾನಲ್ವಾ.

ಒಂದು ತಮಾಷೆ ಹೊಳೀತು. ದೇವರಿಗಿಂತ ಮುಂಚೆ ನಾನೇ ಮಾಡಿಬಿಟ್ಟರೆ? ಅವಳು ರೇಷನ್‌ಗೆ ಹೋದಾಗ ಚಿಲಕ ತಂದು ಜಡಿದೆ. ಬಂದು ನೋಡಿದಳು. ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಚ್ಚಲಲ್ಲೇ ಕುಕ್ಕರಿಸಿ ಅಳೋಕೆ ಶುರು.

"ಏನ್ರೀ, ಇದ್ದಕ್ಕಿದ್ದಂಗೆ?"

"ನಂಗೇನ್ ಗೊತ್ತಮ್ಮಿ. ಯಾರೋ ಕಿವೀಲಿ ಯೋಳ್ದಂಗಾಯ್ತು. ಹಾಕ್ದೆ."

"ಸ್ತೋತ್ರ ಕರ್ತನೇ..."

ಹಿತ್ತಲಿಗೆ ಹೋಗಿ ಹೊಟ್ಟೆ ಹಿಡ್ಕೊಂಡು ನಕ್ಕೆ.

ಆಗಸ್ಟ್ 9, ಶನಿವಾರ

ಇವತ್ತಿನ ಅರ್ಜಿ ಬೀಡಿ. ಅವಳ ಕಣ್ಣೆದುರೇ ಕಟ್ಟು ತೆಗೆದು ಒಲೆಗೆ ಎಸೆದೆ. ಸೆರಗು ಬಾಯಿಗೆ ಒತ್ಕೊಂಡು ನಿಂತಳು. ಜೇಬಲ್ಲಿ ಇನ್ನೆರಡು ಕಟ್ಟಿತ್ತು ಅನ್ನೋದು ಬೇರೆ ಮಾತು.

ದೇವರ ಕೆಲಸ ಭಾರೀ ಸುಲಭ ಕಣಪ್ಪ.

ಟೀ ಅಂಗಡಿ ಶಿವಸ್ವಾಮಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ. ಆಮೇಲೆ ಅಂದ, "ಲೋ, ನೀನೇ ದೇವ್ರಾದ್ರೆ ಬತ್ತೇರಿ ಲಾಟ್ರಿ ಯಾಕ್ಲಾ ಒಂದ್ಸಲಾನೂ ಹತ್ತಲಿಲ್ಲ?"

ಈ ಶಿವಸ್ವಾಮಿ ಟೀಗೆ ಯಾವತ್ತೂ ಹಾಲು ಸಾಲದು.

ತರಕಾರಿ ಇಳಿಸಿ ಬರುವಾಗ ಟಿಕೆಟ್ ತಗೊಳ್ಳೋದು ನಿಜ. ಭವ್ಯನ ದುಡ್ಡಲ್ಲಿ ಒಂದೈದು ಸಾವಿರ ಹೋಗಿರಬಹುದು. ಅಷ್ಟೇ. ಓಣಂ ಬಂಪರ್ ಬಂದರೆ ಕಾಲೇಜನ್ನೇ ಕೊಂಡ್ಕೊಡ್ತೀನಿ.

ಆಗಸ್ಟ್ 10, ಭಾನುವಾರ

ಚರ್ಚಿನ ಸಭೆಗೆ ಹೋಗಿದ್ದೆ. ಹೊಸ ಶರ್ಟು. ಸುನೀಲ್ ಕುಮಾರ್ ಪಾಸ್ಟರು ಪ್ರಸಂಗ ಮುಗಿಸಿ ಹೇಳಿದರು — ಒಂದು ಮಿಶನ್ ಆಸ್ಪತ್ರೇಲಿ ನರ್ಸಿಂಗ್ ಸೀಟು ಬಂದಿದೆ. ಒಂದೇ. ತಂದೆ ಇಲ್ಲದ ಹುಡುಗಿಗೆ. ಫೀಸಿಲ್ಲ, ಊಟ ಹಾಸ್ಟೆಲ್ ಎಲ್ಲ ಅವರದೇ. ಹೆಸರು ಇವತ್ತೇ ಕಳಿಸಬೇಕು.

"ಭವ್ಯನ ಹೆಸರು ಬರೀಲಾ ಪುಟ್ಟಮಾದಮ್ಮ?"

ಎದ್ದಳು. ಸಾಕ್ಷಿ ಹೇಳ್ತೀನಿ ಅಂದಳು. ಚಿಲಕ ಹೇಳಿದಳು. ಬೀಡಿ ಹೇಳಿದಳು. ಹೆಂಗಸರೆಲ್ಲ ಸ್ತೋತ್ರ, ಸ್ತೋತ್ರ.

"ಆ ಸೀಟು ನಮ್ ಸಭೆ ಶಿವರಂಜಿನಿಗೆ ಬರೀರಿ ಪಾಸ್ಟ್ರೇ. ಆ ಮಗೀಗೆ ಅಪ್ಪನೂ ಇಲ್ಲ, ಕಾಸೂ ಇಲ್ಲ. ನಮ್ ಭವ್ಯಂಗೆ ದುಡ್ಡದೆ. ಇವ್ರು ಕಟ್ತಾರೆ. ಮೊದ್ಲಾಗಿದ್ರೆ ನಂಬ್ತಿರ್ನಿಲ್ಲ. ಈಗ ಕರ್ತ ಇವ್ರ ಮನ್ಸು ತಿರುಗ್ಸವ್ನೆ."

ಎಲ್ಲರೂ ನನ್ನ ಕಡೆ ನೋಡಿದರು. ಭವ್ಯನೂ. ಪಾಸ್ಟರು ಪೆನ್ನು ಹಿಡ್ಕೊಂಡು ಕಾದರು.

ಕಣ್ಣು ಮುಚ್ಚಿ ಕೈ ಎತ್ತಿ ಆಮೆನ್ ಅಂದೆ. ಇಡೀ ಸಭೇಲಿ ನನ್ನ ಆಮೆನ್ನೇ ಜೋರು.

ಆಗಸ್ಟ್ 21, ಗುರುವಾರ

ದಿನಾ ಬೆಳಿಗ್ಗೆ ಅದೇ ಅರ್ಜಿ. "ತಂದೆಯೇ, ಮೂವತ್ತಕ್ಕೆ ಭವ್ಯನ ಫೀಸು ಕಟ್ಟೋ ಕಡೇ ದಿನ. ಇವ್ರು ಮರೀದಂಗೆ ನೋಡ್ಕೊ." ನನ್ನ ಮುಖ ನೋಡಿ ಮಾತ್ರ ಒಂದು ಮಾತು ಕೇಳಲ್ಲ. ಅನ್ನ ಬಡಿಸ್ತಾಳೆ, ನಗ್ತಾಳೆ. ಇದಕ್ಕಿಂತ ಬೈಗುಳ ವಾಸಿ. ಬೈದರೆ ತಟ್ಟೆ ಎಸೆದು ಎದ್ದು ಹೋಗಬಹುದು.

ಭವ್ಯ ಕಾಲೇಜಿನ ಫೀಸು ಚಲನ್ ತಂದು ಮುಂದಿಟ್ಟಳು. "ಚಿಕ್ಕಪ್ಪ, ಯಾವತ್ತು ಓಗನ?"

"ಬ್ಯಾಂಕಲ್ಲಿ ಸರ್ವರ್ ಡೌನ್ ಕಣಮ್ಮಿ."

"ಆನೆ ಓಡ್ಸೋರಿಗೆ ಸರ್ವರ್ ಓಡ್ಸಕಾಗಲ್ವಾ?" ಅಂತ ನಕ್ಕಳು. ಥೇಟ್ ಅಣ್ಣನ ನಗು. ಎದ್ದು ಹೋಗು ಅಂತ ಗದರಿದೆ.

ಆಗಸ್ಟ್ 30, ಶನಿವಾರ

ಚಾಮರಾಜನಗರಕ್ಕೆ ಬಾಡಿಗೆ ಹಿಡಿದೆ. ಫೋನ್ ಆಫ್. ಪುಟ್ಟಮಾದಮ್ಮ, ಭವ್ಯ ಇಬ್ಬರೂ ನನ್ನ ದಾರಿ ಕಾಯ್ತಾ ಗುಂಡ್ಲುಪೇಟೆ ಬ್ಯಾಂಕಿನ ಮುಂದೆ ಬೆಳಿಗ್ಗೆಯಿಂದ ಬಾಗಿಲು ಹಾಕೋವರೆಗೆ ನಿಂತಿದ್ರಂತೆ.

ಬಾಡಿಗೆ ಚೆನ್ನಾಗಿ ಸಿಕ್ತು.

ಸೆಪ್ಟೆಂಬರ್ 1, ಸೋಮವಾರ

ಶಿವರಂಜಿನಿ ಟ್ರಂಕ್ ಹೊತ್ತು ಬಸ್ ಹತ್ತಿದಳು. ಭವ್ಯಂಗೆ ಅಂತ ಹೊಲಿಸಿದ್ದ ಬಿಳಿ ಬಟ್ಟೆ ಪುಟ್ಟಮಾದಮ್ಮ ಆ ಹುಡುಗಿಗೇ ಕೊಟ್ಟು ಬಂದಳು. ಭವ್ಯ ಚೆಂಡುಹೂವು ಕೀಳೋ ಕೂಲಿಗೆ ಹೋಗಿದಾಳೆ.

ಪುಟ್ಟಮಾದಮ್ಮ ಮುದ್ದೆ ತಂದಿಟ್ಟಳು. ಸಾರು ಬಿಟ್ಟಳು.

"ಬಯ್ಯಮ್ಮಿ," ಅಂದೆ. "ಬಾಯಿ ಬಿದ್ದೋಗದಾ?"

ಇನ್ನೊಂದು ಸೌಟು ಸಾರು ಬಿಟ್ಟಳು.

ಹೆಂಗಾದರೂ ಬಾಯಿ ಬಿಡಿಸಬೇಕು. ನಗ್ತಾ ಹೇಳಿಬಿಟ್ಟೆ. "ಚಿಲಕ ನಿನ್ ದೇವ್ರು ಹಾಕ್ಸಿದ್ದಲ್ಲ. ನಾನೇ. ಗೋಡೆ ಪಕ್ಕ ನಿಂತು ದಿನಾ ಕೇಳಿಸ್ಕತಿದ್ದೆ. ಬೀಡೀನೂ ನಾಟ್ಕ. ಹೆಂಗೆ?"

ಸಾರಿನ ಸೌಟು ಕೈಯಲ್ಲೇ ಇತ್ತು.

"ದಿನಾನೂ ಕೇಳಿಸ್ಕತಿದ್ರಾ?"

"ಊ."

"ಹಂಗಾರೆ ಫೀಸಿಂದೂ ಕೇಳಿಸ್ಕಂಡಿದ್ರಿ."

ಅಷ್ಟೇ. ಸೌಟು ತೊಳೆದು ನೇತು ಹಾಕಿದಳು.

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 5.30

ಗೋಡೆ ಪಕ್ಕ ನಿಂತೆ. ಸದ್ದಿಲ್ಲ. ಇಣುಕಿದೆ. ಒಲೆ ಹಚ್ಚಿ ಕೂತಿದಾಳೆ. ಗೋಣಿಚೀಲ ಮಡಿಸಿ ಮೂಲೆಗೆ ಸೇರಿಸಿದಾಳೆ. ಬೈಗುಳವೂ ಇಲ್ಲ, ಪ್ರಾರ್ಥನೆಯೂ ಇಲ್ಲ.

ಭವ್ಯ ಕೂಲಿಗೆ ಹೊರಡೋ ಮುಂಚೆ ಬಂದು ಬಾಗಿಲಲ್ಲಿ ನಿಂತಳು. ಕಣ್ಣೆತ್ತಲಿಲ್ಲ. "ಚಿಕ್ಕಪ್ಪ, ಎಷ್ಟು ಉಳ್ದದೆ ಅಂತ ಒಂದು ಚೀಟೀಲಿ ಬರ್ದಿಡಿ. ಮುಂದಿನ ವರ್ಷಕ್ಕೆ ಎಷ್ಟು ಕೂಡ್ಬೇಕು ಅಂತ ಗೊತ್ತಾಗ್ಲಿ."

ಚೀಟೀಲಿ ಬರೆಯೋಕೆ ಮುಂಚೆ ಇಲ್ಲಿ ಬರೆದು ನೋಡ್ತಿದೀನಿ.

ಐದು ಸಾವಿರ ಅಂತ ಬರೆದಿದ್ದೆ. ಅಲ್ಲ. ಶಿವಸ್ವಾಮಿ ಹತ್ರ ಇಪ್ಪತ್ತು ಸಾವಿರ ಅಂದಿದ್ದೆ. ಅದೂ ಅಲ್ಲ. ಅಣ್ಣನ ಹೆಸರಿಗೆ ಬಂದದ್ದು ಎರಡು ಲಕ್ಷ ಹತ್ತು ಸಾವಿರ. ಹೋಗಿರೋದು ಎರಡು ಲಕ್ಷದ ಎಂಟು ಸಾವಿರ. ಉಳಿದಿರೋದು ಎರಡು.

ಹೊರಗೆ ಹಾರ್ನ್ ಹೊಡೀತಿದಾರೆ. ಬತ್ತೇರಿ ಲೋಡು. ಓಣಂಗೆ ಇನ್ನು ಮೂರೇ ದಿನ, ಬಂಪರ್ ಟಿಕೆಟ್ ಇನ್ನೂ ಮಾರ್ತಿರ್ತಾರೆ. ಆ ಎರಡು ಸಾವಿರ...