ಸಡಿಲಿಸಿಟ್ಟ ತಂತಿಗಳು

ಹೊನೊಲುಲು
12 ಸೆಪ್ಟೆಂಬರ್ 1974

ಪ್ರೀತಿಯ ಎನೋಕನಿಗೆ,

‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಬರೆದೇಬಿಟ್ಟೆ. ನೀನು ಮೊಲೊಕಾಯ್ ದ್ವೀಪದ ನಿಮ್ಮ ಕಣಿವೆಯಲ್ಲಿ ಮೊಣಕಾಲುದ್ದದ ಕೆಸರಲ್ಲಿ ನಿಂತು ಕೆಸುವಿನ ಗಡ್ಡೆ ಕೀಳುತ್ತಿರುತ್ತೀಯ. ಕೈ ತೊಳೆದುಕೊಂಡು ಓದು. ಸಿಟ್ಟು ಬಂದರೂ ಹರಿದುಹಾಕಬೇಡ.

ನನಗೆ ನಿನ್ನ ಗಿಟಾರಿನ ಶ್ರುತಿ ಬೇಕು. ಮುಂದಿನ ಶನಿವಾರ ವೈಕಿಕಿಯ ಹೋಟೆಲಿನಲ್ಲಿ ನನ್ನ ಕಡೆಯ ಕಾರ್ಯಕ್ರಮ. ನಿನ್ನಜ್ಜ ಕಟ್ಟಿದ ಕಣಿವೆಗಾಳಿಯ ಹಾಡು ಹಾಡದೆ ಇಳಿದರೆ ಜನ ಬಿಡುವುದಿಲ್ಲ. ಬಂದರಿನಲ್ಲಿ ಹಡಗಿನವರಿಗೆ ಹೂಮಾಲೆ ಮಾರುತ್ತಿದ್ದ ನನ್ನನ್ನು ರೇಡಿಯೊಗೆ ಏರಿಸಿದ್ದು ಅದೇ ಹಾಡಲ್ಲವೇ. ನಿಮ್ಮ ಮನೆತನದ ಶ್ರುತಿ ಬಿಟ್ಟರೆ ಬೇರೆ ಯಾವುದರಲ್ಲೂ ಅದು ನನ್ನ ಕಂಠಕ್ಕೆ ಒಗ್ಗುವುದಿಲ್ಲ. ನೀನೋ, ನುಡಿಸಿ ಮುಗಿಸಿದ ಕೂಡಲೇ ಗಿಟಾರಿನ ತಂತಿ ಸಡಿಲಿಸುವವನು. ತಂತಿ ಬಿಗಿಯುವ ಮನೆತನದ ಗುಟ್ಟನ್ನು ಪರರು ಕದಿಯಬಾರದೆಂದು ಗಿಟಾರು ನುಡಿಸುವ ಎಲ್ಲ ಮನೆತನದವರೂ ಹಾಗೆ ಮಾಡುತ್ತಾರೆ, ಒಪ್ಪಿದೆ. ಕಟ್ಟಿಕೊಂಡ ಹೆಂಡತಿಗೂ ಬೆನ್ನು ತಿರುಗಿಸಿ ಶ್ರುತಿ ಮಾಡಿದವನು ನೀನೊಬ್ಬನೇ ಇರಬೇಕು.

ಶ್ರುತಿಯ ಗುಟ್ಟನ್ನು ಇನ್ನೊಬ್ಬ ವಾದಕನಿಗೂ ಕಲಿಸು ಎಂದು ಹೋಟೆಲಿನವರು ಪೀಡಿಸಿದ ದಿನ ನೀನು ತಂತಿಗಳನ್ನೆಲ್ಲ ಸಡಿಲಿಸಿ, ಗಿಟಾರನ್ನು ಮಂಚದ ಮೇಲಿಟ್ಟು ಹೊರಟುಹೋದೆ. ಕಲಿಸು ಎಂದವಳು ನಾನಲ್ಲ. ನೀನು ನನ್ನ ಮಾತು ಕೇಳಲೇ ಇಲ್ಲ. ಆ ಇನ್ನೊಬ್ಬ ವಾದಕ, ನಮ್ಮ ಡೊಳ್ಳುಹೊಟ್ಟೆ ವೆಂಡೆಲ್, ಕಳ್ಳನೂ ಅಲ್ಲ. ನಿನ್ನೆ ಅಭ್ಯಾಸದ ಮಧ್ಯೆ ಗಿಟಾರು ಕೆಳಗಿಟ್ಟು, "ಅಕ್ಕ, ಅವನ ಕೈಯೇ ಬೇರೆ. ನಾನು ನುಡಿಸಿದ್ರೆ ನೀವು ಯಾರದೋ ಚಪ್ಪಲಿ ಹಾಕ್ಕೊಂಡು ನಡೆದಂಗಿರತ್ತೆ, ಕರೆಸ್ಕೊಳ್ಳಿ ಅವನನ್ನ" ಎಂದ.

ಕಡೆಯ ಕಾರ್ಯಕ್ರಮ ಏಕೆ ಎಂದರೆ, ಅದು ಮುಗಿದ ಸೋಮವಾರವೇ ನನ್ನ ಗಂಟಲು ಕೊಯ್ಯುತ್ತಾರೆ. ಕ್ಯಾನ್ಸರ್. "ಜೀವ ಉಳಿಸ್ತೀನಮ್ಮ, ಕಂಠ ಉಳಿಸೋಕಾಗಲ್ಲ" ಎಂದರು ಡಾಕ್ಟರು. ಎರಡೂ ಬೇಕು, ನಾನು ಮೊದಲಿನಿಂದಲೂ ದುರಾಸೆಯವಳು ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ಹೊರಗೆ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಗುರುತು ಹಿಡಿದು, ಒಂದೇ ಒಂದು ಸಾಲು ಹಾಡಿ ಎಂದು ಕೇಳಿಕೊಂಡಳು. ಹಾಡಿದೆ. ಮೇಲಿನ ಸ್ವರಕ್ಕೆ ಹೋಗುವಷ್ಟರಲ್ಲಿ ಧ್ವನಿ ಒಡೆಯಿತು. ಅವಳು ಪಾಪ, ಕೈಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ನನಗೆ ವಿಪರೀತ ಭಯವಾಗುತ್ತಿದೆ, ಎನೋಕ. ಹಾಡದ ನಾನು ಹೇಗಿರುತ್ತೇನೋ ನನಗೇ ಗೊತ್ತಿಲ್ಲ. ಸೋಮವಾರದ ಮೇಲೆ ನಿನ್ನ ಹೆಸರು ಹಿಡಿದು ಕೂಗಲೂ ಆಗುವುದಿಲ್ಲ, ಜಗಳಕ್ಕೂ ಗಂಟಲಿರುವುದಿಲ್ಲ. ಮತ್ತೆ ಒಟ್ಟಿಗೆ ಬಾಳೋಣ ಎಂದು ಕೇಳುತ್ತಿಲ್ಲ. ಶ್ರುತಿಗಾಗಿ ಬಾ. ನುಡಿಸು, ತಂತಿ ಸಡಿಲಿಸು, ಭಾನುವಾರದ ವಿಮಾನಕ್ಕೆ ಹೊರಟುಹೋಗು. ನಾನು ತಡೆಯುವುದಿಲ್ಲ.

ಈಗಲೂ ನಿನ್ನವಳಾದ
ಹೋಕುಲಾನಿ

ಮ.ವಿ.: ಶ್ರುತಿಗಾಗಿ ಬಾ ಎಂದದ್ದು ಸುಳ್ಳು. ನಿನ್ನ ಶ್ರುತಿ ನನಗೆ ಗೊತ್ತು. ನೀನು ಬೆನ್ನು ತಿರುಗಿಸಿದ ಮಾತ್ರಕ್ಕೆ ನನ್ನ ಕಿವಿ ಮುಚ್ಚಿಹೋಗುತ್ತದೆಯೇ? ನೀನು ಹೋದ ಮೇಲೆ ಒಬ್ಬಳೇ ಕೂತು ನಿನ್ನ ಗಿಟಾರನ್ನು ಶ್ರುತಿಗೆ ತಂದೆ, ಮೀಟಿ ಕೇಳಿದೆ, ಮತ್ತೆ ಸಡಿಲಿಸಿಟ್ಟೆ. ವೆಂಡೆಲನಿಗೆ ಹೇಳಿಲ್ಲ, ಯಾರಿಗೂ ಹೇಳುವುದಿಲ್ಲ. ಶನಿವಾರ ನೀನು ಬರದಿದ್ದರೆ ಆ ಹಾಡು ಹಾಡುವುದೂ ಇಲ್ಲ.