ಸೂಟ್‌ಕೇಸಿನಲ್ಲಿ ಸಿಕ್ಕ ಸ್ಪ್ಯಾನರುಗಳು

ರೀ,

ಅಂಗಡಿಗೆ ಹೊರಟೆ. ಮಾತ್ರೆ ಟಿವಿ ಪಕ್ಕದಲ್ಲಿದೆ, ಹತ್ತು ಗಂಟೆಗೆ ತಪ್ಪದೆ ನುಂಗಿ.

ಪ್ರವಾಸಕ್ಕೆಂದು ನಾವು ಬುಕ್ ಮಾಡಿರುವ ದ್ವೀಪದ ಹೋಟೆಲಿನವರು ಫೋನ್ ಮಾಡಿದ್ದರು. "ಬೇಸಿಗೇಲಿ ನಮ್ಗೆ ನೀರಿಗೆ ತುಂಬಾ ಕಷ್ಟ ಮೇಡಂ. ಸಾರ್ ಬಂದು ಪಂಪ್ ರಿಪೇರಿ ಮಾಡ್ಕೊಡ್ತೀನಿ ಅಂದಿದಾರೆ, ದೇವರು ಬಂದಂಗಾಯ್ತು" ಅಂದರು.

ಮಳೆಯಿಲ್ಲದ ತಿಂಗಳೇ ಬೇಕೆಂದು ನೀವು ಹಟ ಹಿಡಿದದ್ದು ಯಾಕೆಂದು ಈಗ ಅರ್ಥವಾಯಿತು. ಈಜುಚಡ್ಡಿಯಲ್ಲಿ ಸುತ್ತಿಟ್ಟಿದ್ದ ಸ್ಪ್ಯಾನರುಗಳನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಕೀಲಿ ನನ್ನ ಹತ್ತಿರವೇ ಇದೆ, ಹುಡುಕಬೇಡಿ.

ಹಾರ್ಟ್ ಆಪರೇಷನ್ ಆಗಿ ಎರಡು ತಿಂಗಳೂ ತುಂಬಿಲ್ಲ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದಾಗ ಕೋಲೆಬಸವನ ಹಾಗೆ ತಲೆಯಾಡಿಸಿದ್ದಿರಿ.

ನಾನು ಬರುವಷ್ಟರಲ್ಲಿ ಹೋಟೆಲಿಗೆ ನೀವೇ ಫೋನ್ ಮಾಡಿ, ಆಗುವುದಿಲ್ಲವೆಂದು ಹೇಳಿ. ಇಲ್ಲದಿದ್ದರೆ ಪ್ರವಾಸವೇ ಬೇಡ.

ಪಂಪಿನ ಸದ್ದು ಚೂರು ಬದಲಾದರೂ ನಿಮಗೆ ಗೊತ್ತಾಗುತ್ತದೆ. ನಿಮ್ಮ ಎದೆಯ ಸದ್ದಿಗೆ ಕಿವಿಗೊಟ್ಟು ಕೂತಿರುವವಳು ನಾನೊಬ್ಬಳೇ.